ಅವರ ಬೆಂಕಿಗೆ ನೀರು ಸುರಿಯುವುದು ನಮ್ಮ ಕೆಲಸವಲ್ಲ



ಲಿಥುವೇನಿಯಾದ ಸುದ್ದಿ ಕೇಳಿ ನಮ್ಮಲ್ಲಿ ಕೆಲವರು ತಲೆಯ ಮೇಲೆ ಕೈ ಹೊತ್ತಿದ್ದಾರೆ. ಹೆಚ್ಚಿನವರು ಕಥೋಲಿಕರೇ ಆಗಿರುವ ಆ ದೇಶದಲ್ಲಿ, ಕ್ರೈಸ್ತಧರ್ಮ ಬರುವ ಮೊದಲಿನ ದೇವತೆಗಳನ್ನು ಬೆಂಕಿ ಹೊತ್ತಿಸಿ ಆರಾಧಿಸುವ 'ರೊಮುವಾ' ಪಂಗಡಕ್ಕೆ 2024ರ ಡಿಸೆಂಬರಿನಲ್ಲಿ ಸಂಸತ್ತು ಮಾನ್ಯತೆ ಕೊಟ್ಟಿತು. "ಅಜ್ಞಾನಿಗಳು ಮತ್ತೆ ತಲೆಯೆತ್ತಿದರು, ಧರ್ಮಸಭೆ ಸೋತಿತು" ಎಂಬ ಮಾತು ಬಲಿಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲೇ ಕೇಳಿಬಂತು. ನಾವು ಇದನ್ನು ಒಪ್ಪುವುದಿಲ್ಲ.

ನಡೆದದ್ದೇನು? 1387ರಲ್ಲಿ ದೀಕ್ಷಾಸ್ನಾನ ಪಡೆದ ಲಿಥುವೇನಿಯಾ, ಯುರೋಪಿನಲ್ಲಿ ಎಲ್ಲರಿಗಿಂತ ಕಡೆಗೆ ಕ್ರೈಸ್ತವಾದ ದೇಶ. ಸೋವಿಯತ್ ಆಳ್ವಿಕೆಯಲ್ಲಿ ಕಥೋಲಿಕರೂ ರೊಮುವಾದವರೂ ಕಷ್ಟಪಟ್ಟರು. 1992ರಲ್ಲಿ ನೋಂದಣಿಯಾದ ರೊಮುವಾ, ಕಾನೂನು ಹೇಳಿದಂತೆ 25 ವರ್ಷ ಕಾದು ಮಾನ್ಯತೆ ಕೇಳಿತು. ಷರತ್ತುಗಳೆಲ್ಲ ಪೂರೈಸಿವೆ ಎಂದು ನ್ಯಾಯ ಸಚಿವಾಲಯವೇ ಹೇಳಿತು. ಆದರೂ 2019ರಲ್ಲಿ ಸಂಸತ್ತು ನಿರಾಕರಿಸಿತು. ಅಲ್ಲಿನ ಧರ್ಮಾಧ್ಯಕ್ಷರ ಮಂಡಳಿಯೂ ವಿರೋಧಿಸಿ ಪತ್ರ ಬರೆದಿತ್ತು. 2021ರ ಜೂನ್ 8ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದನ್ನು ತಾರತಮ್ಯವೆಂದು ತೀರ್ಪಿತ್ತಿತು. ಮಾನ್ಯತೆಯಿಂದ ಅವರಿಗೆ ಸಿಗುವುದೇನು? ಅವರು ನಡೆಸುವ ಮದುವೆ ಸರ್ಕಾರದ ಲೆಕ್ಕದಲ್ಲೂ ಮದುವೆ. ಶಾಲೆಯಲ್ಲಿ ಅವರ ಮಕ್ಕಳಿಗೆ ಅವರ ಧರ್ಮಪಾಠ. ಇಷ್ಟಕ್ಕೇ ಧರ್ಮಸಭೆ ಸೋಲುತ್ತದೆಯೇ?

ಈಗ ನಮ್ಮ ಕಡೆ ನೋಡೋಣ. ಕೊಯಮತ್ತೂರು, ತಿರುಪ್ಪೂರಿನಲ್ಲಿ ನಾವು ಎರಡು ಸಲ ಅಲ್ಪಸಂಖ್ಯಾತರು: ಭಾಷೆಯಲ್ಲಿ ಕನ್ನಡದವರು, ವಿಶ್ವಾಸದಲ್ಲಿ ಕ್ರೈಸ್ತರು. 2002ರಲ್ಲಿ ತಮಿಳುನಾಡು ಸರ್ಕಾರ ಮತಾಂತರ ನಿಷೇಧ ಕಾನೂನು ತಂದಾಗ ಧರ್ಮಸಭೆ ಎದ್ದುನಿಂತು ವಿರೋಧಿಸಿತು. 2022ರಲ್ಲಿ ಕರ್ನಾಟಕದ ಕಾನೂನನ್ನೂ ವಿರೋಧಿಸಿತು. ಹೆಚ್ಚು ಜನರಿಗೆ ಹಿಡಿಸಲಿಲ್ಲವೆಂದು ಸ್ವಲ್ಪ ಜನರ ಹಕ್ಕು ಕಡಿಮೆಯಾಗಬಾರದು ಎಂಬುದೇ ನಮ್ಮ ವಾದವಲ್ಲವೇ? ಇಲ್ಲಿ ಒಂದು ತಕ್ಕಡಿ, ಅಲ್ಲಿ ಇನ್ನೊಂದು ತಕ್ಕಡಿ ಹಿಡಿದರೆ ನಮ್ಮ ಮಾತನ್ನು ಯಾರು ನಂಬುತ್ತಾರೆ?

"ಹಾಗಾದರೆ ಎಲ್ಲ ಧರ್ಮವೂ ಒಂದೇ ಎನ್ನುತ್ತೀರಾ?" ಎಂದು ಕೇಳಬಹುದು. ಇಲ್ಲ. ಯೇಸುಸ್ವಾಮಿಯೊಬ್ಬರೇ ರಕ್ಷಕರು ಎಂಬುದು ನಮ್ಮ ವಿಶ್ವಾಸ. ಬೆಂಕಿ ಸೃಷ್ಟಿ, ಸೃಷ್ಟಿಕರ್ತನಲ್ಲ. ಆದರೆ ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದು, ತಡೆಯಲೂಬಾರದು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದೇ ಸಾರಿದೆ. ಸತ್ಯಕ್ಕೆ ಸಂಸತ್ತಿನ ಕಾವಲು ಬೇಕಿಲ್ಲ.

ನಿಜವಾದ ಪ್ರಶ್ನೆ ಬೇರೆ. ಹಾಡು, ಕಾಡು, ನೀರು, ಅಜ್ಜಿಯರ ಪದ್ಧತಿ ಹುಡುಕಿಕೊಂಡು ಅಲ್ಲಿನ ಯುವಕರು ಹೊರಗೆ ಹೋದರೆ, ಅವರಿಗೆ ಒಳಗೆ ಸಿಗದೇ ಹೋದದ್ದೇನು? ನಮ್ಮ ನೊಯ್ಯಲ್ ಹೊಳೆಯನ್ನೇ ನೋಡಿ. ತಿರುಪ್ಪೂರಿನ ಬಣ್ಣದ ನೀರು ಹರಿದು ಅದು ಕೆಟ್ಟಿತು. 2011ರಲ್ಲಿ ಡೈಯಿಂಗ್ ಘಟಕಗಳನ್ನು ಮುಚ್ಚಿಸಲು ಮದ್ರಾಸ್ ಹೈಕೋರ್ಟೇ ಆದೇಶಿಸಬೇಕಾಯಿತು. ಹೊಳೆಯನ್ನು ದೇವರೆನ್ನುವವರನ್ನು ನಾವು ನಗುತ್ತೇವೆ; ಹೊಳೆ ದೇವರ ಸೃಷ್ಟಿ ಎನ್ನುವ ನಾವು ಅದಕ್ಕಾಗಿ ಎಷ್ಟು ಸಲ ಬೀದಿಗಿಳಿದೆವು?

ಇತರರು ನಮಗೆ ಏನು ಮಾಡಬೇಕೆಂದು ಬಯಸುತ್ತೇವೋ ಅದನ್ನೇ ಅವರಿಗೆ ಮಾಡಲು ಯೇಸುಸ್ವಾಮಿ ಹೇಳಿದ್ದಾರೆ (ಮತ್ತಾಯ 7:12). ಅದರಲ್ಲಿ 'ಕ್ರೈಸ್ತರಿಗೆ ಮಾತ್ರ' ಎಂದಿಲ್ಲ. 'ಅಜ್ಞಾನಿ' ಎಂಬ ಪದವನ್ನು ನಾವು ಇಂದೇ ಬಿಡೋಣ.