ಹಲ್ಲು ನೋಡುವವರು ಮುಖವನ್ನೂ ನೋಡಲಿ

ಮಂಡ್ಯ, ಮದ್ದೂರು, ಮಳವಳ್ಳಿಯ ಶಾಲೆಗಳಲ್ಲಿ ದಂತ ತಪಾಸಣಾ ಶಿಬಿರ ನಡೆದಾಗ ನಿಮ್ಮ ಮಕ್ಕಳೂ ಸಾಲಿನಲ್ಲಿ ನಿಂತು ಬಾಯಿ ತೆರೆದಿರಬಹುದು. ದಂತವೈದ್ಯ ವಿದ್ಯಾರ್ಥಿಗಳು ಪುಟ್ಟ ಕನ್ನಡಿ ಹಿಡಿದು ಹುಳುಕು ಹಲ್ಲುಗಳನ್ನು ಎಣಿಸಿ ಬರೆದುಕೊಳ್ಳುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಆ ಸಾಲಿನಲ್ಲಿ ಚಿಕ್ಕ ಗದ್ದ, ಚಪ್ಪಟೆ ಕೆನ್ನೆ, ಹೊರತುದಿ ಕೆಳಗಿಳಿದ ಕಣ್ಣು, ಮುದುಡಿದ ಕಿವಿ ಇರುವ ಮಗುವೊಂದು ಬಂದರೆ?

ಅದು ಟ್ರೀಚರ್ ಕಾಲಿನ್ಸ್ ಸಿಂಡ್ರೋಮ್ ಇರಬಹುದು. ಇಂಗ್ಲೆಂಡಿನ ನೇತ್ರತಜ್ಞ ಎಡ್ವರ್ಡ್ ಟ್ರೀಚರ್ ಕಾಲಿನ್ಸ್ 1900ರಲ್ಲಿ ಇದನ್ನು ವಿವರಿಸಿದರು. ಸುಮಾರು 50,000 ಶಿಶುಗಳಲ್ಲಿ ಒಂದಕ್ಕೆ ಬರುವ ದೋಷವಿದು. ಗರ್ಭದ ಮೊದಲ ವಾರಗಳಲ್ಲಿ ಮುಖದ ಮೂಳೆಗಳನ್ನು ರೂಪಿಸಬೇಕಾದ ಜೀವಕೋಶಗಳು ಸಾಕಷ್ಟು ಬೆಳೆಯುವುದಿಲ್ಲ. ಇದಕ್ಕೆ ಮುಖ್ಯ ಕಾರಣವಾದ ವಂಶವಾಹಿ 1996ರಲ್ಲಿ ಪತ್ತೆಯಾಯಿತು.

ಇಂಥ ಮಗು ಹುಟ್ಟಿದರೆ ನಮ್ಮಲ್ಲಿ ಮೊದಲು ದೂರುವುದು ತಾಯಿಯನ್ನು. 'ಗ್ರಹಣದ ಹೊತ್ತು ಹೊರಗೆ ಬಂದಳು' ಎನ್ನುತ್ತಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಈ ಬದಲಾವಣೆ ಹೊಸದಾಗಿ ಆಗಿರುತ್ತದೆ. ತಂದೆತಾಯಿಯರಲ್ಲಿ ಇರುವುದೇ ಇಲ್ಲ. ಸಾಮಾನ್ಯ ಬಗೆಯಲ್ಲಿ, ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ನಿಜವಾದ ಅಪಾಯ ಬೇರೆ ಇದೆ. ಈ ಮಕ್ಕಳ ಬುದ್ಧಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಆದರೆ ಕಿವಿಯೊಳಗಿನ ಪುಟ್ಟ ಮೂಳೆಗಳು ಸರಿಯಾಗಿ ಬೆಳೆಯದೆ ಅನೇಕರಿಗೆ ಕೇಳಿಸುವುದು ಕಡಿಮೆ. ಕೇಳಿಸದ ಮಗುವಿಗೆ ಮಾತು ಬಾರದು; ಮಾತು ಬಾರದ ಮಗುವನ್ನು 'ದಡ್ಡ' ಎಂದು ಹಿಂದಿನ ಬೆಂಚಿಗೆ ಕಳಿಸುತ್ತೇವೆ. ಮೂಳೆಯ ಮೂಲಕ ಶಬ್ದ ಮುಟ್ಟಿಸುವ ಶ್ರವಣಯಂತ್ರ ಬೇಗ ಸಿಕ್ಕಿದರೆ ಅದೇ ಮಗು ಎಲ್ಲರಂತೆ ಓದಬಲ್ಲದು. ಇನ್ನೊಂದು ಎಚ್ಚರ: ದವಡೆ ಚಿಕ್ಕದಾದ್ದರಿಂದ ಉಸಿರಿನ ದಾರಿ ಕಿರಿದು. ಹಲ್ಲು ಕೀಳಲು ಪ್ರಜ್ಞೆ ತಪ್ಪಿಸಬೇಕಾದರೆ ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸದಿದ್ದರೆ ಪ್ರಾಣಕ್ಕೇ ಕುತ್ತು.

ದಂತವೈದ್ಯ ವಿದ್ಯಾರ್ಥಿಗಳು ಈ ರೋಗದ ಹೆಸರನ್ನು ಪಠ್ಯಪುಸ್ತಕದಲ್ಲಿ ಓದುತ್ತಾರೆ. ಆದರೆ ಪರೀಕ್ಷೆಗೆ ಓದಿದ್ದು ಬೇರೆ, ಎದುರಿಗೆ ಕುಳಿತ ಮಗುವಿನಲ್ಲಿ ಗುರುತಿಸುವುದು ಬೇರೆ. 'ಐವತ್ತು ಸಾವಿರಕ್ಕೆ ಒಂದು ಮಗುವಿಗಾಗಿ ಇಷ್ಟೆಲ್ಲ ಬೇಕೆ?' ಎಂದು ನೀವು ಕೇಳಬಹುದು. ಬೇಕು. ಮುಖ ನೋಡುವ ಅಭ್ಯಾಸವಿದ್ದವರ ಕಣ್ಣಿಗೆ ಸೀಳಂಗುಳ, ದವಡೆಯ ದೋಷ ಮುಂತಾದ ಇತರ ತೊಂದರೆಗಳೂ ಬೀಳುತ್ತವೆ. ಶಿಬಿರದ ಚೀಟಿಯಲ್ಲಿ ಹಲ್ಲಿನ ಲೆಕ್ಕದ ಜೊತೆಗೆ ಮುಖ, ಕಿವಿ, ಅಂಗುಳ, ಮಾತು ಎಂಬ ಒಂದು ಸಾಲು ಸೇರಲಿ. ತರಬೇತಿಯ ಅವಧಿಯಲ್ಲಿ ಕೆಲವು ದಿನ ವಿದ್ಯಾರ್ಥಿಗಳು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಳೆಯಲಿ.

ನೀವೂ ಒಂದು ಕೆಲಸ ಮಾಡಿ. ಮನೆಯಲ್ಲೋ ಬೀದಿಯಲ್ಲೋ ಇಂಥ ಮಗುವಿದ್ದರೆ ಬಚ್ಚಿಡಬೇಡಿ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ವೈದ್ಯರ ತಂಡ ಬರುತ್ತದೆ, ಮಗುವನ್ನು ತೋರಿಸಿ. ಹಲ್ಲು ಕೆಟ್ಟರೆ ಮುಂದಿನ ವರ್ಷ ತುಂಬಿಸಬಹುದು. ಮಾತು ಕಲಿಯುವ ವಯಸ್ಸು ಕಳೆದರೆ ಮತ್ತೆ ಬಾರದು.