ಕಾರ್ಡಿಲ್ಲದ ತಾಯಿ



ತುಮಕೂರಿನಲ್ಲಿ ಓಡಾಡುವ ಎಷ್ಟೋ ಆಟೋಗಳ ಹಿಂದೆ 'ತಾಯಿಯ ಆಶೀರ್ವಾದ' ಅಂತ ಬರೆದಿರುತ್ತೆ. ಸಿನಿಮಾದಲ್ಲಿ ತಾಯಿ, ಭಾಷಣದಲ್ಲಿ ತಾಯಿ. ನಾಡೂ ತಾಯಿ, ನುಡಿಯೂ ತಾಯಿ, ಹೊಳೆಯೂ ತಾಯಿ. ಇಷ್ಟೆಲ್ಲಾ ತಾಯಂದಿರಿರುವ ಈ ಊರಿನಲ್ಲಿ 2022ರ ನವೆಂಬರ್ ಮೊದಲ ವಾರ ಒಬ್ಬ ತುಂಬು ಬಸುರಿ ಹೆರಿಗೆ ನೋವು ತಿನ್ನುತ್ತಾ ಜಿಲ್ಲಾ ಆಸ್ಪತ್ರೆಗೆ ಹೋದಳು. ತಾಯಿ ಕಾರ್ಡ್ ಎಲ್ಲಿ ಅಂದರು. ಇರಲಿಲ್ಲ. ಆಧಾರ್ ಎಲ್ಲಿ ಅಂದರು. ಅದೂ ಇರಲಿಲ್ಲ. ಬೆಂಗಳೂರಿಗೆ ಹೋಗು ಅಂದರು. ಬೆಂಗಳೂರು ಇಲ್ಲಿಗೆ 70 ಕಿಲೋಮೀಟರ್. ಆಕೆಯನ್ನು ಆಸ್ಪತ್ರೆಗೆ ಕಳಿಸುವುದಕ್ಕೇ ಭಾರತಿನಗರದ ಅಕ್ಕಪಕ್ಕದ ಬಡವರು ದುಡ್ಡು ಕೂಡಿಸಿದ್ದರು. ಬೆಂಗಳೂರಿಗೆ ಯಾವ ದುಡ್ಡಲ್ಲಿ ಹೋಗುತ್ತಾಳೆ? ವಾಪಸ್ ತನ್ನ ಗೂಡಿಗೇ ಬಂದಳು. ಅಲ್ಲೇ ಹೆತ್ತಳು. ಅವಳಿ ಮಕ್ಕಳು. ಮಕ್ಕಳೂ ಉಳಿಯಲಿಲ್ಲ, ತಾಯಿಯೂ ಉಳಿಯಲಿಲ್ಲ. ಉಳಿದದ್ದು ಅವಳ ಮೊದಲ ಮಗು, ಒಂದು ಪುಟ್ಟ ಹುಡುಗಿ.

ಆಕೆ ತಮಿಳುನಾಡಿನ ಕಡೆಯವಳು, ಹಿಂದುಮುಂದು ಯಾರೂ ಇರಲಿಲ್ಲ. ಜಾತಿ ಯಾವುದು ಅಂತ ನಾವು ವಿಚಾರಿಸೋಕೆ ಹೋಗಲಿಲ್ಲ. ಹೋಗಲೂಬಾರದು. ಗಂಡನಿಲ್ಲದ, ಮನೆಯಿಲ್ಲದ, ಕಾಗದವಿಲ್ಲದ ಹೆಂಗಸು ಈ ದೇಶದಲ್ಲಿ ಯಾವ ಜಾತಿಯಲ್ಲಿ ಹುಟ್ಟಿದ್ದರೂ ನಮ್ಮ ಕೇರಿಯವಳೇ.

ಆಮೇಲೆ ಮಂತ್ರಿಗಳು ಬಂದರು. ಡಾಕ್ಟರು, ಮೂವರು ನರ್ಸುಗಳು ಅಮಾನತ್ತಾದರು. ತುರ್ತು ಹೊತ್ತಿನಲ್ಲಿ ಯಾವ ದಾಖಲೆಯನ್ನೂ ಕೇಳಕೂಡದು ಅಂತ ಹೇಳಿಕೆ ಬಂತು. ಪೇಪರಿನಲ್ಲಿ ನಾಲ್ಕು ದಿನ ಬಂತು, ಐದನೇ ದಿನ ಇನ್ನೇನೋ ಬಂತು.

ಈ ಸಂಗತಿಯನ್ನು ಈಗ ಯಾಕೆ ಎತ್ತುತ್ತಿದ್ದೀವಿ ಅಂದರೆ, ಮೊನ್ನೆ ಗುಬ್ಬಿಯಲ್ಲಿ ಕೂತು ಮಾತಾಡುವಾಗ ಇದು ಮತ್ತೆ ಬಂತು. ಮೊದಲ ವರ್ಷದ ಡಿಗ್ರಿಯ ಒಬ್ಬ ತಮ್ಮ ಸುಮ್ಮನೆ ಕೇಳಿದ: "ಅಣ್ಣಾ, ನೀವೆಲ್ಲ ಎಲ್ಲಿ ಹುಟ್ಟಿದ್ರಿ?" ನಾವು ಊರ ಹೆಸರು ಹೇಳಿದೆವು. ಅವನು, "ಊರಲ್ಲ, ಯಾವ ಜಾಗದಲ್ಲಿ? ಆಸ್ಪತ್ರೇಲಾ, ಮನೇಲಾ, ಹೊಲದಲ್ಲಾ? ಹೊಕ್ಕಳಬಳ್ಳಿ ಕೊಯ್ದೋರು ಯಾರು?" ಅಂದ. ಅರ್ಧಕ್ಕರ್ಧ ಜನಕ್ಕೆ ಗೊತ್ತಿಲ್ಲ! ಬಾಬಾಸಾಹೇಬರು ಹುಟ್ಟಿದ್ದು ಮಹೂ ಅಂತ ಗೊತ್ತು, ತಾರೀಕು ಗೊತ್ತು. ನಮ್ಮನ್ನ ಹೆತ್ತವಳು ಅವತ್ತು ಏನು ತಿಂದಿದ್ದಳು, ಎಷ್ಟು ಹೊತ್ತು ನರಳಿದಳು, ಎಷ್ಟನೇ ದಿನಕ್ಕೆ ಕೂಲಿಗೆ ಎದ್ದುಹೋದಳು ಅನ್ನೋದು ಗೊತ್ತಿಲ್ಲ.

ಊರಿಗೆ ಹೋದಾಗ ಕೇಳಿಕೊಂಡು ಬರೋಣ ಅಂತ ತೀರ್ಮಾನ ಮಾಡಿದೆವು. ಕೇಳುವುದು ಸುಲಭವಿರಲಿಲ್ಲ. ಒಬ್ಬ ತಾಯಿ ನಕ್ಕುಬಿಟ್ಟಳಂತೆ. ಇನ್ನೊಬ್ಬಳು "ಅದ್ನೆಲ್ಲಾ ಯಾತಕ್ಕೆ ಕೇಳ್ತೀಯೋ, ಓದೋದ್ ಬಿಟ್ಟು" ಅಂತ ಗದರಿದಳಂತೆ. ಆದರೂ ಮಾತು ಬಂತು. ಗುಬ್ಬಿ ಸೀಮೆಯ ಒಬ್ಬ ಅವ್ವ ಅಡಿಕೆ ಸುಲಿಯೋ ಮನೆಯಲ್ಲಿ ಕೂತಿದ್ದಾಗಲೇ ನೋವು ಬಂದದ್ದು. ಹಗಲು ಹೊಲದ ಕೂಲಿ, ರಾತ್ರಿ ಅಡಿಕೆ ಸುಲಿತ. ಚೊಗರಿಗೆ ಬೆರಳೆಲ್ಲ ಕರ್ರಗಾಗಿ ಹೋಗಿದ್ದವು. ಸುಲಿದಷ್ಟಕ್ಕೇ ದುಡ್ಡು, ಎದ್ದರೆ ಇಲ್ಲ. ಕೈಲಿದ್ದದ್ದನ್ನು ಮುಗಿಸಿ ಅಳತೆ ಹಾಕಿಸಿ ಎದ್ದೆ ಅಂದಳಂತೆ. ಒಂಬತ್ತನೇ ದಿನಕ್ಕೆ ಮತ್ತೆ ಹೋಗಿ ಕೂತಳು, ಮಗು ಅಡಿಕೆ ಸಿಪ್ಪೆಯ ಪಕ್ಕ ಮಲಗಿತ್ತು. ಆ ಮಗು ಈಗ ಬಿ.ಎಸ್‌ಸಿ. ಓದುತ್ತಿದ್ದಾನೆ, ಈ ಪತ್ರಿಕೆ ಹಂಚುತ್ತಾನೆ. ಕುಣಿಗಲ್ ಕಡೆಯ ಇನ್ನೊಬ್ಬ ಅವ್ವ ಆರು ಹೆತ್ತು ಮೂರು ಮಣ್ಣು ಮಾಡಿದವಳು. ಮಗನಿಗೆ ಆ ಮೂರರ ಸುದ್ದಿಯೇ ಗೊತ್ತಿರಲಿಲ್ಲ. ತನಗಿಂತ ಮುಂಚೆ ಒಬ್ಬ ಅಣ್ಣ ಇದ್ದ, ಅವನಿಗೊಂದು ಹೆಸರಿತ್ತು ಅನ್ನೋದು ಅವನಿಗೆ ಇಪ್ಪತ್ತನೇ ವಯಸ್ಸಿಗೆ ತಿಳಿಯಿತು.

ನಮ್ಮ ಹಾಸ್ಟೆಲಿನ ಗೋಡೆ ಮೇಲೆ ಬಾಬಾಸಾಹೇಬರ ಪಟ ಇದೆ. ಪಕ್ಕದಲ್ಲಿ ರಮಾಬಾಯಿಯವರ ಪಟ ಎಷ್ಟು ಹಾಸ್ಟೆಲಿನಲ್ಲಿದೆ? ಐದು ಮಕ್ಕಳನ್ನು ಹೆತ್ತು ನಾಲ್ಕನ್ನು ಕಳೆದುಕೊಂಡವರು ಆಕೆ. ಉಳಿದದ್ದು ಯಶವಂತ ಒಬ್ಬರೇ. ಗಂಡ ಕಡಲಾಚೆ ಓದುತ್ತಿದ್ದಾಗ ಇಲ್ಲಿ ಬಡತನವನ್ನು ಹೊತ್ತವರು ಆಕೆ. 1935ರ ಮೇ 27ರಂದು ತೀರಿಕೊಂಡರು. ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟ ಮನೆಯ ಯಜಮಾನ ಅವರು, ಅದಕ್ಕೇ ಇರಬೇಕು, 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಹೆರಿಗೆ ಭತ್ಯೆ ಮಸೂದೆ ಬಂದಾಗ ಬಾಬಾಸಾಹೇಬರು ಎದ್ದು ನಿಂತು ಅದನ್ನು ಬೆಂಬಲಿಸಿದರು. ಹೆರಿಗೆಗೆ ಮುಂಚೆ ಮತ್ತು ಆಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತದ ಪ್ರಶ್ನೆ, ಆದ್ದರಿಂದ ಅದರ ಭಾರವನ್ನು ಸರ್ಕಾರವೂ ಹೊರಬೇಕು ಎಂಬುದು ಅವರ ವಾದ. ಮಾರನೇ ವರ್ಷ ಅದು ಕಾಯ್ದೆಯಾಯಿತು. ಸ್ವಾತಂತ್ರ್ಯ ಬಂದಮೇಲೆ 1961ರಲ್ಲಿ ದೇಶಕ್ಕೆಲ್ಲ ಒಂದು ಹೆರಿಗೆ ಸೌಲಭ್ಯ ಕಾಯ್ದೆ ಬಂತು, 2017ರಲ್ಲಿ ಸಂಬಳ ಸಹಿತ ರಜೆ 26 ವಾರಕ್ಕೆ ಏರಿತು, ಈಗ ಅದೆಲ್ಲ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿದೆ. ಒಳ್ಳೆಯದೇ. ಆದರೆ 26 ವಾರ ಯಾರಿಗೆ? ಹಾಜರಿ ಪುಸ್ತಕದಲ್ಲಿ ಹೆಸರಿದ್ದವಳಿಗೆ. ಅಡಿಕೆ ಸುಲಿಯುವವಳಿಗೆ, ಹುಣಸೆಹಣ್ಣು ಬಡಿದು ಬೀಜ ತೆಗೆಯುವವಳಿಗೆ, ರಾಗಿ ಹೊಲದಲ್ಲಿ ಕಳೆ ಕೀಳುವವಳಿಗೆ ಯಾವ ಹಾಜರಿ ಪುಸ್ತಕ? ಆಕೆಗೆ ಒಂಬತ್ತನೇ ದಿನವೇ 26ನೇ ವಾರ.

ಸರ್ಕಾರ ಕೊಡುತ್ತಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಕೊಡುತ್ತೆ, ಎಷ್ಟು ಕೊಡುತ್ತೆ ನೋಡೋಣ. 2013ರ ಆಹಾರ ಭದ್ರತಾ ಕಾಯ್ದೆ ಬಸುರಿ ಬಾಣಂತಿಯರಿಗೆ 6000 ರೂಪಾಯಿಗೆ ಕಮ್ಮಿಯಿಲ್ಲದಂತೆ ಕೊಡಬೇಕು ಅಂದಿತು. ಕಾಯ್ದೆಯಲ್ಲಿ ಮೊದಲ ಮಗು ಎರಡನೇ ಮಗು ಎಂಬ ಲೆಕ್ಕ ಇರಲಿಲ್ಲ. 2017ರಲ್ಲಿ ಯೋಜನೆ ಬಂದಾಗ ಅದು 5000 ಆಯಿತು, ಅದೂ ಮೊದಲ ಮಗುವಿಗೆ ಮಾತ್ರ. ಆಮೇಲೆ ಎರಡನೆಯದು ಹೆಣ್ಣಾದರೆ 6000 ಅಂತ ಸೇರಿಸಿದರು. ಲೆಕ್ಕ ಓದುವ ಹುಡುಗರು ಈ 5000ವನ್ನು ನಿಮ್ಮ ಊರಿನ ಹೆಣ್ಣಾಳಿನ ಒಂದು ದಿನದ ಕೂಲಿಯಿಂದ ಭಾಗಿಸಿ. ಎಷ್ಟು ದಿನದ ವಿಶ್ರಾಂತಿ ಬರುತ್ತೋ ನೋಡಿ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಶುರುವಾಯಿತು, ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ. ಉದ್ದೇಶ ಬಹಳ ಒಳ್ಳೆಯದು. ಆದರೆ ಅಂಗನವಾಡಿಗೇ ಬಂದು ಉಣ್ಣಬೇಕು ಅಂತ ಶುರುವಾಯಿತು. ಎರಡು ಮೈಲಿ ಆಚೆಯ ತೋಟದಲ್ಲಿ ಬಗ್ಗಿರುವವಳು ಊಟಕ್ಕೆ ಬಂದುಹೋದರೆ ಅರ್ಧ ದಿನದ ಕೂಲಿ ಮುರಿದುಕೊಳ್ಳುತ್ತಾರೆ. ಯೋಜನೆ ಬರೆಯುವವರು ಮಧ್ಯಾಹ್ನ ಮನೆಯಲ್ಲಿರುವ ಹೆಂಗಸನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದಿದ್ದಾರೆ. ನಮ್ಮವರಲ್ಲಿ ಮಧ್ಯಾಹ್ನ ಮನೆಯಲ್ಲಿರುವುದು ಬೆಕ್ಕು ಮಾತ್ರ.

ಇನ್ನು ಹೆರಿಗೆಯಾಚೆಗಿನ ಬದುಕು. ಅವ್ವನ ತಿಂಗಳಲ್ಲಿ ಏರು ಯಾವತ್ತು, ಇಳಿತ ಯಾವತ್ತು ಅಂತ ನಾವು ಕೇಳಿದೆವು. ಏರು ಅಂದರೆ ಗೃಹಲಕ್ಷ್ಮಿಯ 2000 ಖಾತೆಗೆ ಬಿದ್ದ ದಿನ. 2023ರ ಆಗಸ್ಟಿನಲ್ಲಿ ಶುರುವಾದ ಈ ಹಣವನ್ನು 'ಬಿಟ್ಟಿ' ಅಂತ ಹೀಯಾಳಿಸುವವರಿಗೆ ನಮ್ಮದೊಂದು ಮಾತು: ಹುಟ್ಟಿದಾರಭ್ಯ ಬಿಟ್ಟಿ ದುಡಿದವಳು ಅವಳು, ನೀವಲ್ಲ. ಇಳಿತ ಅಂದರೆ ಸಂಘದ ಕಂತಿನ ದಿನ. ವಾರ ವಾರ ಬಾಗಿಲಿಗೆ ಬಂದು ಕೂರುತ್ತಾರೆ. ಒಬ್ಬಳು ಕಟ್ಟದಿದ್ದರೆ ಗುಂಪಿನ ಉಳಿದವರ ಮೇಲೆ ಹೇರುತ್ತಾರೆ, ಕೇರಿಯ ಹೆಂಗಸರನ್ನೇ ಕೇರಿಯ ಹೆಂಗಸರ ಮೇಲೆ ಎತ್ತಿಕಟ್ಟುತ್ತಾರೆ. ಕಿರುಕುಳ ತಡೆಯೋಕೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದದ್ದು ನಿಜ. ಆ ಕಾಗದವನ್ನು ಕೇರಿಗೆ ತಂದು ಓದಿ ಹೇಳಿದವರು ಎಷ್ಟು ಜನ? ಓದು ಬಂದವರು ನಾವು. ಕಂತಿನವನು ಬಂದಾಗ ಹಿತ್ತಲ ಬಾಗಿಲಿಂದ ಜಾರಿಕೊಂಡವರೂ ನಾವೇ.

ಆ ಸಾಲ ಎತ್ತಿದ್ದು ಯಾತಕ್ಕೆ ಅಂತ ಕೇಳಿದರೆ ಅರ್ಧ ಉತ್ತರ ನಮ್ಮ ಕಡೆಗೇ ತಿರುಗುತ್ತೆ. ಪರೀಕ್ಷೆ ಫೀಜು, ಮೊಬೈಲು, ಹಬ್ಬಕ್ಕೊಂದು ಪ್ಯಾಂಟು.

ಇಲ್ಲೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತಲ್ಲ, ಅವತ್ತಿನಿಂದ ಅವ್ವಂದಿರು ಹಾಸ್ಟೆಲಿಗೆ ಬರತೊಡಗಿದರು. ಮೊದಲು ಬರುತ್ತಿರಲಿಲ್ಲ, ಚಾರ್ಜಿಗೆ ದುಡ್ಡಿರಲಿಲ್ಲ. ಒಂದು ಸಾರಿ ಕುಣಿಗಲ್ ಕಡೆಯಿಂದ ಒಬ್ಬ ತಾಯಿ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು, ಉಚ್ಚೆಳ್ಳು ಚಟ್ನಿ ತಂದು ಗೇಟಿನ ಹತ್ತಿರ ನಿಂತಿದ್ದಳು. ಕಾಲಲ್ಲಿ ಹರಿದ ಚಪ್ಪಲಿ. ಕಾಲೇಜಿನ ಬೇರೆ ಹುಡುಗರೂ ಅಲ್ಲಿದ್ದರು. ನಮ್ಮಲ್ಲೊಬ್ಬ ಓಡಿಹೋಗಿ ಗಂಟು ಇಸಕೊಂಡು, ಬೇಗ ಕಳಿಸಿ, ವಾಪಸ್ ಬಂದ. ಯಾರೋ ಅಂದರೆ "ನಮ್ಮೂರೋರು" ಅಂದ. ಅವಳು ಬಸ್‌ಸ್ಟ್ಯಾಂಡಿಗೆ ನಡೆದೇ ಹೋದಳು. ಅವತ್ತು ರಾತ್ರಿ ರೊಟ್ಟಿ ನಾವೆಲ್ಲ ತಿಂದೆವು, ಅವನು ತಿನ್ನಲಿಲ್ಲ. ಅವನ ಹೆಸರು ಹೇಳುವುದಿಲ್ಲ. ಇದನ್ನು ಬರೆಯುವವರಲ್ಲಿ ಅವನೂ ಇದ್ದಾನೆ. ಸ್ವಾಭಿಮಾನದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಮೇಲುಜಾತಿಯ ಹುಡುಗನ ಕಣ್ಣಿನಿಂದ ನಮ್ಮ ಅವ್ವನ ಚಪ್ಪಲಿ ನೋಡಿದೆವು. ಮನುವಾದ ಎಲ್ಲಿದೆ ಅಂತ ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ.

ಇದೇ ಮಾತಿನಲ್ಲಿ ತಂಗಿಯರ ವಿಚಾರವೂ ಬರುತ್ತೆ. ನಮ್ಮನ್ನು ಹಾಸ್ಟೆಲಿಗೆ ಸೇರಿಸಿ ತಂಗಿಯನ್ನು ಬಿಡಿಸಿ ಅಡಿಕೆ ಮನೆಗೆ ಕಳಿಸಿದ ಮನೆಗಳು ಎಷ್ಟಿಲ್ಲ? ಊರಿಗೆ ಹೋದಾಗ ಹದಿನೈದು ದಿನದ ಬಟ್ಟೆ ಮೂಟೆ ಕಟ್ಟಿಕೊಂಡು ಹೋಗಿ ಅವ್ವನ ಮುಂದೆ ಒಗೆಯುವವರಿದ್ದೀವಿ. ಸಂಘದ ಸಭೆಗಳಲ್ಲೂ ಅಷ್ಟೆ. ಹೆಂಗಸರು ಬಂದರೆ ಟೀ ಕಾಸೋಕೆ, ಕಡೇ ಸಾಲಿನಲ್ಲಿ ಕೂರೋಕೆ. ಇದನ್ನು ಹೇಳಿದರೆ ಕೆಲವು ಹಿರಿಯ ಗೆಳೆಯರಿಗೆ ಕೋಪ ಬರುತ್ತೆ: "ಭೂಮಿ ಪ್ರಶ್ನೆ ಇದೆ, ಮೀಸಲಾತಿ ಪ್ರಶ್ನೆ ಇದೆ, ಅವ್ವನ ಗೋಳು ಈಗ ಯಾಕೆ?" ಅಂತ. ಅಣ್ಣಂದಿರೇ, ಆ ಭೂಮಿಯ ಮೇಲೆ ಬಗ್ಗಿರುವವಳು ಯಾರು?

ಮತ್ತೆ ಆಸ್ಪತ್ರೆಗೆ ಬರೋಣ. ಕಾರ್ಡ್ ಮಾಡಿಸಿದರೆ ಎಲ್ಲಾ ಸರಿಹೋಗುತ್ತೆ ಅನ್ನುವುದನ್ನೂ ನಾವು ನಂಬುವುದಿಲ್ಲ. 2024ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಪಾವಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಆದಮೇಲೆ ಮೂವರು ಹೆಂಗಸರು ಸತ್ತರು. ಅದೇ ವರ್ಷ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು, ಮೈಗೆ ಹರಿಸಿದ ಗ್ಲೂಕೋಸ್ ಥರದ ದ್ರಾವಣದ ಮೇಲೆ ಸರ್ಕಾರವೇ ಅನುಮಾನಪಟ್ಟಿತು. ಇವರನ್ನು ಯಾರೂ ಬಾಗಿಲಿಂದ ವಾಪಸ್ ಕಳಿಸಿರಲಿಲ್ಲ. ಕೇಂದ್ರ ಸರ್ಕಾರದ್ದೇ ಅಂಕಿ ಪ್ರಕಾರ 2018-20ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ಕೇರಳದ ಹೆಂಗಸಿನ ಮೈ ಬೇರೆ ಮಣ್ಣಿಂದ ಮಾಡಿದ್ದಲ್ಲ. ಅಮಾನತ್ತಾದ ನರ್ಸನ್ನು ಬೈದು ಸುಮ್ಮನಾಗುವುದು ಸರ್ಕಾರಕ್ಕೆ ಬಹಳ ಅನುಕೂಲದ ದಾರಿ, ಅಷ್ಟೆ. ರಾತ್ರಿಪಾಳಿಯಲ್ಲಿ ಎಷ್ಟು ಜನ ಇದ್ದರು, ಎಷ್ಟು ಹಾಸಿಗೆ ಇತ್ತು, ಕಾರ್ಡಿಲ್ಲದವರನ್ನು ಸೇರಿಸಿಕೊಂಡರೆ ಮೇಲಿನಿಂದ ಯಾರು ಬೈಯುತ್ತಾರೆ, ಇವು ಕೇಳಬೇಕಾದ ಪ್ರಶ್ನೆ. ಹಾಗಂತ ನೋವು ತಿನ್ನುವವಳನ್ನು ಆಚೆ ಕಳಿಸಿದ್ದು ಕ್ಷಮಿಸೋ ಮಾತಲ್ಲ.

ಕಾನೂನು ಓದುವ ಗೆಳೆಯರು ಒಂದು ತೀರ್ಪನ್ನು ಹುಡುಕಿ ಕೊಟ್ಟಿದ್ದಾರೆ. 1992ರಲ್ಲಿ ಪಶ್ಚಿಮ ಬಂಗಾಳದ ಒಬ್ಬ ಕೃಷಿಕೂಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಒಂದಾದಮೇಲೊಂದು ಸರ್ಕಾರಿ ಆಸ್ಪತ್ರೆಗಳು ಅವನನ್ನು ಸೇರಿಸಿಕೊಳ್ಳಲಿಲ್ಲ. ಖೇತಿ ಕೂಲಿಗಳ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ಕೋರ್ಟು, ತುರ್ತು ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಉಲ್ಲಂಘನೆ ಅಂತ ಹೇಳಿ 25,000 ರೂಪಾಯಿ ಪರಿಹಾರ ಕೊಡಿಸಿತು. ಅಂದರೆ ಭಾರತಿನಗರದ ಆ ತಾಯಿ ಸಾಯುವುದಕ್ಕೆ 26 ವರ್ಷ ಮುಂಚೆಯೇ ಅವಳ ಹಕ್ಕು ಬರೆದಿಟ್ಟಿತ್ತು. ಅವತ್ತು ಆ ಆಸ್ಪತ್ರೆ ಬಾಗಿಲಲ್ಲಿ ಆ ಮಾತನ್ನು ಗಟ್ಟಿಯಾಗಿ ಹೇಳುವವರು ಒಬ್ಬರಿದ್ದಿದ್ದರೆ? ನಮ್ಮ ಎಷ್ಟೋ ಹಾಸ್ಟೆಲುಗಳು ಅಲ್ಲಿಂದ ಬಹಳ ದೂರವೇನಿಲ್ಲ.

ಆದ್ದರಿಂದ ಒಂದು ಕೆಲಸ ಹಿಡಿದಿದ್ದೀವಿ. ತುಮಕೂರು, ಗುಬ್ಬಿ, ಕುಣಿಗಲ್ ಹಾಸ್ಟೆಲುಗಳ ಗೆಳೆಯರು ಈ ಸಲ ಊರಿಗೆ ಹೋದಾಗ ತಮ್ಮ ಕೇರಿಯಲ್ಲಿ, ಕೇರಿಯಾಚೆ ಗುಡಿಸಲು ಹಾಕಿಕೊಂಡ ವಲಸೆಯವರಲ್ಲಿ ಬಸುರಿಯರು ಯಾರಿದ್ದಾರೆ, ತಾಯಿ ಕಾರ್ಡ್ ಆಗಿದೆಯಾ, ಆಶಾ ಅಕ್ಕ ಬಂದುಹೋಗುತ್ತಾರಾ ವಿಚಾರಿಸಿಕೊಂಡು ಬನ್ನಿ. ನಿಮ್ಮ ತಂಗಿಯನ್ನೋ ಅತ್ತಿಗೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ, ಗಂಡುಹುಡುಗರು ಹೋಗಿ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ನೋವು ಬಂದರೆ 108ಕ್ಕೆ ಫೋನು, ಜೊತೆಗೆ ಒಬ್ಬರು ಹೋಗಬೇಕು, 1996ರ ತೀರ್ಪಿನ ಒಂದು ಪುಟದ ಕನ್ನಡ ಸಾರಾಂಶ ಜೇಬಿನಲ್ಲಿರಬೇಕು. ಅದರ ಪ್ರತಿ ಈ ಪತ್ರಿಕೆ ಮಾರುವವರ ಹತ್ತಿರ ಸಿಗುತ್ತೆ, ದುಡ್ಡು ಬೇಡ.

ಹಾಗೇ ನಿಮ್ಮ ಅವ್ವ ನಿಮ್ಮನ್ನು ಹೆತ್ತ ದಿನದ ಮಾತನ್ನು ಅವಳು ಹೇಳಿದ ಹಾಗೇ ಬರೆದು ತನ್ನಿ. ತಿದ್ದಬೇಡಿ, ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. ಮುಂದಿನ ಸಂಚಿಕೆಗೆ ನಾಲ್ಕು ಪುಟ ಬಿಟ್ಟಿದ್ದೀವಿ.