ತಲೆ ಎಣಿಸೋದು ಬೇರೆ, ಹೆಸರು ಉಳಿಸೋದು ಬೇರೆ

(1/8)
ಒಬ್ಬಳೇ ರಾಣಿ, ಒಂದೇ ವರ್ಷ, ಎರಡು ಜನಗಣತಿ. 1881ರ ಫೆಬ್ರವರಿ 17ಕ್ಕೆ ಇಂಡಿಯಾದಲ್ಲಿ ಎಣಿಸಿದ್ರು, ಏಪ್ರಿಲ್ 3ಕ್ಕೆ ಇಂಗ್ಲೆಂಡಿನಲ್ಲಿ ಎಣಿಸಿದ್ರು.

ಇವತ್ತು ನೀವು ಫೋನಿನಲ್ಲಿ ಫ್ಯಾಮಿಲಿಸರ್ಚ್ ಅನ್ನೋ ಸೈಟ್ ತೆಗೆದು ಉಚಿತವಾಗಿ ಒಂದು ಅಕೌಂಟ್ ಮಾಡ್ಕೊಂಡ್ರೆ, ಆ ಏಪ್ರಿಲ್ ರಾತ್ರಿ ಲ್ಯಾಂಕಶೈರ್‌ನ ಹತ್ತಿ ಗಿರಣಿ ಕೆಲಸದವಳು ಯಾವ ಮನೇಲಿದ್ಲು, ಅವಳ ಜೊತೆ ಯಾರ್ಯಾರಿದ್ರು, ಅವಳಿಗೆಷ್ಟು ವಯಸ್ಸು, ಹುಟ್ಟಿದ್ದು ಯಾವ ಊರು, ಎಲ್ಲಾ ಸಿಗುತ್ತೆ. ಅದೇ ವರ್ಷ ಎಣಿಸಿದ ನಮ್ಮ ಮೈಸೂರು ಸೀಮೆಯ ರಾಗಿ ಬೆಳೆಯೋ ಹೆಂಗಸು? ಅವಳು ವರದಿಯ ಒಟ್ಟು ಮೊತ್ತದಲ್ಲಿದ್ದಾಳೆ. ಹೆಸರಿಲ್ಲ.

ಗಿರಣಿಯವಳೂ ರಾಣಿ ಅಲ್ಲ, ರಾಗಿಯವಳೂ ರಾಣಿ ಅಲ್ಲ. ಇಬ್ಬರೂ ಬಡವರೇ. ಒಬ್ಬಳ ಹಾಳೆ ಉಳೀತು, ಇನ್ನೊಬ್ಬಳದ್ದು ಉಳೀಲಿಲ್ಲ. ಈ ಸಲದ ಸರಣಿ ಈ ವ್ಯತ್ಯಾಸದ ಬಗ್ಗೆ. ಇಂಗ್ಲೆಂಡಿನವರು ತಮ್ಮ ಮುತ್ತಾತಂದಿರನ್ನ ಹೇಗೆ ಹುಡುಕ್ತಾರೆ ಅಂತ ಮೊದಲು ನೋಡೋಣ. ನನ್ನ ವಾದ ಕೊನೇಲಿದೆ, ಅಲ್ಲಿವರೆಗೂ ಸ್ವೈಪ್ ಮಾಡಿ.

(2/8)
ಕಾಮರ್ಸ್‌ನವರಿಗೆ ಇದು ಬೇಗ ಅರ್ಥ ಆಗುತ್ತೆ. ಜನಗಣತಿ ಅಂದ್ರೆ ಬ್ಯಾಲೆನ್ಸ್ ಶೀಟ್. ಹತ್ತು ವರ್ಷಕ್ಕೊಮ್ಮೆ, ಒಂದು ನಿರ್ದಿಷ್ಟ ರಾತ್ರಿ ಯಾರು ಎಲ್ಲಿದ್ರು ಅನ್ನೋ ಚಿತ್ರ. ಜನನ, ಮದುವೆ, ಮರಣದ ನೋಂದಣಿ ಅಂದ್ರೆ ಜರ್ನಲ್. ಘಟನೆ ಆದಾಗ ಎಂಟ್ರಿ ಬೀಳುತ್ತೆ. ಎರಡೂ ಇದ್ರೆ ಒಂದು ಕುಟುಂಬದ ಲೆಕ್ಕ ಕೂಡುತ್ತೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಜರ್ನಲ್ ಶುರುವಾಗಿದ್ದು 1837ರ ಜುಲೈ 1ಕ್ಕೆ. ಅದಕ್ಕೂ ಮುಂಚೆ ಚರ್ಚುಗಳ ರಿಜಿಸ್ಟರ್ ಇತ್ತು, 1538ರಿಂದ. ಆದ್ರೆ ಅಲ್ಲಿ ಬರೀತಿದ್ದದ್ದು ದೀಕ್ಷಾಸ್ನಾನ, ಮದುವೆ, ಸಮಾಧಿ. 1837ರಿಂದ ಸರ್ಕಾರವೇ ಜಿಲ್ಲಾವಾರು ರಿಜಿಸ್ಟ್ರಾರ್‌ಗಳನ್ನ ಇಟ್ಟು, ಮೂರು ತಿಂಗಳಿಗೊಮ್ಮೆ ಪ್ರತಿಗಳನ್ನ ಕೇಂದ್ರ ಕಚೇರಿಗೆ ತರಿಸ್ಕೊಳ್ತು. ಅದಕ್ಕೇ ಅಲ್ಲಿನ ಸೂಚಿಯಲ್ಲಿ ತಾರೀಖು ಇರಲ್ಲ. ತ್ರೈಮಾಸಿಕ, ಜಿಲ್ಲೆ, ಸಂಪುಟ, ಪುಟ ಇಷ್ಟೇ ಇರುತ್ತೆ.

ಒಂದು ಸೂಕ್ಷ್ಮ ಇದೆ. ಮಗು ಹುಟ್ಟಿದ 42 ದಿನದೊಳಗೆ ಬರೆಸ್ಬಹುದು. ಹಾಗಾಗಿ ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ಮುಂದಿನ ವರ್ಷದ ಮಾರ್ಚ್ ತ್ರೈಮಾಸಿಕದಲ್ಲಿ ಸಿಗಬಹುದು. ಸೂಚಿಯಲ್ಲಿ ಹುಡುಕೋಕೆ ದುಡ್ಡಿಲ್ಲ. ಫ್ರೀಬಿಎಂಡಿ ಅನ್ನೋ ಸೈಟಿಗಾಗಿ ಸ್ವಯಂಸೇವಕರು 1998ರಿಂದ ಕೂತು ಟೈಪ್ ಮಾಡ್ತಿದ್ದಾರೆ. ಪೂರ್ತಿ ಸರ್ಟಿಫಿಕೇಟ್ ಬೇಕಂದ್ರೆ ಮಾತ್ರ ಕಚೇರಿಗೆ ದುಡ್ಡು ಕಟ್ಟಿ ತರಿಸ್ಕೋಬೇಕು.

(3/8)
ಈಗ ಬ್ಯಾಲೆನ್ಸ್ ಶೀಟ್. ಇಂಗ್ಲೆಂಡಿನ ಮೊದಲ ಗಣತಿ 1801ರಲ್ಲಿ. ಮೊದಲ ನಾಲ್ಕು ಗಣತಿಗಳಲ್ಲಿ ಬಹುತೇಕ ತಲೆ ಎಣಿಕೆ ಅಷ್ಟೇ. ದೇಶಾದ್ಯಂತ ಹೆಸರು ಸಮೇತ ಉಳಿದಿರೋ ಮೊದಲನೇದು 1841ರದ್ದು. ಅದರಲ್ಲೂ 15 ದಾಟಿದವರ ವಯಸ್ಸನ್ನ ಐದರ ಗುಣಕಕ್ಕೆ ಕೆಳಗಿಳಿಸಿ ಬರೀರಿ ಅನ್ನೋ ಸೂಚನೆ ಇತ್ತು. 34ರವನು 30 ಆಗಿಬಿಡ್ತಾನೆ. ಅವನ ಜೊತೆ ಅದೇ ಮನೇಲಿದ್ದ ಹೆಂಗಸು ಹೆಂಡ್ತಿನಾ, ತಂಗಿನಾ ಅಂತ ಬರೆಯೋಕೆ ಕಾಲಂ ಇರಲಿಲ್ಲ. 1851ರಿಂದ ಸಂಬಂಧ, ಸರಿಯಾದ ವಯಸ್ಸು, ಹುಟ್ಟಿದ ಊರು ಎಲ್ಲಾ ಬಂತು.

1901ರವರೆಗೆ ನೋಡೋಕೆ ಸಿಗೋದು ಗಣತಿದಾರ ಮನೆಮನೆಯ ಫಾರ್ಮ್ ನೋಡಿ ತನ್ನ ಪುಸ್ತಕಕ್ಕೆ ಇಳಿಸಿದ ಪ್ರತಿ. 1911ರಲ್ಲಿ ಮನೆಯವರೇ ತುಂಬಿದ ಫಾರ್ಮ್ ಉಳಿದಿದೆ, ಅಂದ್ರೆ ಮುತ್ತಾತನ ಕೈಬರಹವೇ ಕಾಣುತ್ತೆ. ಆ ವರ್ಷ ಮದುವೆಯಾದ ಹೆಂಗಸರಿಗೆ ಹೊಸ ಪ್ರಶ್ನೆ ಇತ್ತು: ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಇರೋರೆಷ್ಟು, ತೀರಿಹೋದವರೆಷ್ಟು. ಕೆಲವು ವಿಧುರರು ಆ ಕಾಲಂ ತಮಗಲ್ಲ ಅಂತ ಗೊತ್ತಾಗದೆ ಸತ್ತ ಹೆಂಡತಿಯ ಲೆಕ್ಕವನ್ನೂ ತುಂಬಿದ್ರು. ಗುಮಾಸ್ತರು ಅದನ್ನ ಗೀಟು ಹಾಕಿ ಹೊಡೆದ್ರು. ಗೀಟಿನ ಕೆಳಗೆ ಇವತ್ತಿಗೂ ಓದಬಹುದು. ಅಂಕಿಅಂಶಕ್ಕೆ ಬೇಡವಾದ ಆ ಸಾಲು, ಹುಡುಕ್ತಾ ಬಂದ ಮರಿಮಗಳಿಗೆ ಬಂಗಾರ.

(4/8)
ನನಗೆ ಸಿಟ್ಟು ಬರೋ ವಿಷಯ ಇಲ್ಲಿದೆ. ಆನ್‌ಲೈನ್‌ನಲ್ಲಿ ಸಿಗೋ ವಂಶವೃಕ್ಷಗಳಲ್ಲಿ ಎಷ್ಟೋ ಕಾಪಿ ಪೇಸ್ಟ್. ಹೆಸರು ಹೊಂದ್ತು, ಊರು ಹೊಂದ್ತು, ಸೇರಿಸು ಬಟನ್ ಒತ್ತು, ಮುಗೀತು. ಹತ್ತು ಜನ ಅದೇ ತಪ್ಪನ್ನ ಎತ್ಕೊಂಡ ಮೇಲೆ ಹನ್ನೊಂದನೆಯವನಿಗೆ ಅದು ನಿಜ ಅನ್ಸುತ್ತೆ.

ಆಡಿಟಿಂಗ್ ಪೇಪರ್ ಓದಿದವರಿಗೆ ವೌಚಿಂಗ್ ಗೊತ್ತು. ಲೆಡ್ಜರ್‌ನಲ್ಲಿ ಬರೆದಿದೆ ಅಂದ್ರೆ ಸಾಲದು, ಅದರ ಹಿಂದಿನ ವೌಚರ್ ತೋರ್ಸು ಅಂತೀವಿ. ಇಲ್ಲೂ ಅದೇ. ಜಾನ್ ಸ್ಮಿತ್ ಅಂತ ಒಬ್ಬ ಇದ್ದ ಅಂದ್ಕೊಳ್ಳಿ. ಅದೇ ಜಿಲ್ಲೆ, ಅದೇ ತ್ರೈಮಾಸಿಕದಲ್ಲಿ ಇಬ್ಬರು ಜಾನ್ ಸ್ಮಿತ್ ಹುಟ್ಟಿರಬಹುದು. ನಮ್ಮವನು ಯಾವನು? ಜನನದ ಸರ್ಟಿಫಿಕೇಟಿನಲ್ಲಿ ತಾಯಿಯ ತವರಿನ ಅಡ್ಡಹೆಸರು ಇರುತ್ತೆ. ಅದನ್ನ ತಂದೆತಾಯಿಯ ಮದುವೆ ದಾಖಲೆಗೆ ತಾಳೆ ಹಾಕ್ಬೇಕು. ಮದುವೆ ದಾಖಲೆಯ ಕಸುಬನ್ನ ಗಣತಿಯ ಕಸುಬಿಗೆ ತಾಳೆ ಹಾಕ್ಬೇಕು. ಗಣತಿಯ ಹುಟ್ಟೂರನ್ನ ಮತ್ತೆ ಜನನದ ಜಿಲ್ಲೆಗೆ. ಕ್ಯಾಶ್ ಬುಕ್ಕು, ಪಾಸ್ ಬುಕ್ಕು ಬೇರೆ ಬೇರೆಯವರು ಬರೆದಿದ್ದು, ಅದಕ್ಕೇ ಎರಡನ್ನೂ ಹೊಂದಿಸಿ ನೋಡೋಕೆ ಅರ್ಥ ಇದೆ. ವ್ಯತ್ಯಾಸ ಬಂದ್ರೆ ಗಾಬರಿ ಬೇಡ, ಕಾರಣ ಬೇಕು. ಹತ್ತು ವರ್ಷದಲ್ಲಿ ಏಳೇ ವರ್ಷ ದೊಡ್ಡವಳಾದ ಹೆಂಗಸರು ಗಣತಿಯಲ್ಲಿ ಬೇಕಾದಷ್ಟಿದ್ದಾರೆ!

(5/8)
"ದಾಖಲೆ ಇಲ್ಲ ಅಂದ್ರೆ ಮನುಷ್ಯನೇ ಇಲ್ಲ" ಅನ್ನೋರಿಗೆ ಒಂದು ಹೆಸರು ಹೇಳ್ತೀನಿ. ಚಾರ್ಲಿ ಚಾಪ್ಲಿನ್.

1889ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಹುಟ್ಟಿದೆ ಅಂತ ಚಾಪ್ಲಿನ್ ಹೇಳ್ಕೊಂಡಿದ್ದು. ಜನನ ನೋಂದಣಿ ಸಿಕ್ಕಿಲ್ಲ. ಆ ಹೊತ್ತಿಗೆ ಬರೆಸದಿದ್ರೆ ದಂಡ ಅನ್ನೋ ಕಾನೂನು ಬಂದು ಹದಿನಾಲ್ಕು ವರ್ಷ ಆಗಿತ್ತು. 1950ರ ದಶಕದಲ್ಲಿ ಅಮೆರಿಕದವರು ಕೇಳಿದ್ರು ಅಂತ ಬ್ರಿಟನ್ನಿನ ಗೂಢಚಾರ ಸಂಸ್ಥೆ ಎಂಐ5 ಹೋಗಿ ಹುಡುಕ್ತು. ಅವರಿಗೂ ಸಿಗಲಿಲ್ಲ. ಆ ಫೈಲ್ 2012ರಲ್ಲಿ ಹೊರಗೆ ಬಂತು. ಪತ್ರಿಕೆಗಳಿಗೆ ಹಬ್ಬ.

ಆದ್ರೆ ಬೇರೆ ಕಾಗದಗಳನ್ನ ನೋಡಿ. 1889ರ ಮೇ ತಿಂಗಳಲ್ಲಿ ರಂಗಕಲಾವಿದರ ಒಂದು ಪತ್ರಿಕೆಯಲ್ಲಿ, ಚಾಪ್ಲಿನ್ ದಂಪತಿಗೆ ಗಂಡು ಮಗು ಅಂತ ಪುಟ್ಟ ಸುದ್ದಿ ಬಂದಿದೆ. 1891ರ ಗಣತಿಯಲ್ಲಿ ತಾಯಿ ಹನ್ನಾ, ಅಣ್ಣ ಸಿಡ್ನಿ ಜೊತೆ ದಕ್ಷಿಣ ಲಂಡನ್ನಿನಲ್ಲಿ ಹುಡುಗ ಇದ್ದಾನೆ. 1896ರಲ್ಲಿ ಬಡವರ ವರ್ಕ್‌ಹೌಸ್ ಸೇರಿದ ದಾಖಲೆ ಇದೆ. ಒಂದು ಎಂಟ್ರಿ ತಪ್ಪಿದ್ರೂ ಬಾಕಿ ಪುಸ್ತಕಗಳು ಸಾಕ್ಷಿ ಹೇಳ್ತವೆ. ಒಂದೇ ಕಾಗದ ಹಿಡಿದು ಒಬ್ಬ ಮನುಷ್ಯನ ಇರವನ್ನೇ ತೀರ್ಮಾನ ಮಾಡೋದು ಎಷ್ಟು ಅಪಾಯ ಅಂತ ನಮಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಬೇಕಾಗಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಹುಟ್ಟಿದ ತಾರೀಖು ಬೇರೆ, ನಿಜವಾಗಿ ಹುಟ್ಟಿದ ತಾರೀಖು ಬೇರೆ ಇರೋರು ನಿಮ್ಮ ಮನೇಲೂ ಇದ್ದಾರೆ ತಾನೆ?

(6/8)
ಇಂಗ್ಲೆಂಡಿನ ರಿಜಿಸ್ಟರ್‌ಗಳನ್ನ ನಾನು ದೇವರ ಮನೆಯಲ್ಲಿಟ್ಟು ಪೂಜೆ ಮಾಡ್ತಿಲ್ಲ. ಸರ್ಕಾರ ಯಾವ ಕಾಲಂ ಇಡುತ್ತೋ ಅಷ್ಟೇ ಚರಿತ್ರೆ ಉಳಿಯುತ್ತೆ.

1837ರಿಂದ ಅಲ್ಲಿನ ಮದುವೆ ದಾಖಲೆಯಲ್ಲಿ ಗಂಡಿನ ತಂದೆಯ ಹೆಸರು, ಹೆಣ್ಣಿನ ತಂದೆಯ ಹೆಸರು, ಅವರ ಕಸುಬು. ತಾಯಂದಿರು? ಕಾಲಂ ಇರಲಿಲ್ಲ. ಆ ಕಾಲಂ ಬಂದಿದ್ದು 2021ರ ಮೇ 4ಕ್ಕೆ. ಹೌದು, ನಾವು ಆನ್‌ಲೈನ್ ಕ್ಲಾಸ್ ಕೇಳ್ತಿದ್ದ ವರ್ಷ. 183 ವರ್ಷ, ಮಗಳ ಮದುವೆಯ ಕಾಗದದಲ್ಲಿ ಹೆತ್ತವಳಿಗೆ ಜಾಗ ಇರಲಿಲ್ಲ.

ಮದುವೆಯಾಗದ ತಾಯಿಯ ಮಗುವಿನ ಸರ್ಟಿಫಿಕೇಟಿನಲ್ಲಿ ಸಾಮಾನ್ಯವಾಗಿ ತಂದೆಯ ಕಾಲಂ ಖಾಲಿ. 1875ರಿಂದ ಆಚೆಗೆ ಅವನೇ ಬಂದು ಸಹಿ ಹಾಕಿದ್ರೆ ಮಾತ್ರ ಹೆಸರು. ಅವನು ಬಾರದೆ ಇದ್ದದ್ದಕ್ಕೆ ಖಾಲಿ ಜಾಗದ ಹೊರೆ ಹೊತ್ತವರು ತಾಯಿ, ಮಗು.

1911ರಲ್ಲಿ ಮತದ ಹಕ್ಕು ಕೇಳ್ತಿದ್ದ ಹೆಂಗಸರು ಈ ಲೆಕ್ಕವನ್ನೇ ತಿರುಗಿಸಿ ಕೇಳಿದ್ರು. ನಮಗೆ ಓಟಿಲ್ಲ ಅಂದ್ರೆ ನಮ್ಮನ್ನ ಎಣಿಸೋದು ಯಾಕೆ? ಎಷ್ಟೋ ಜನ ಆ ರಾತ್ರಿ ಮನೇಲಿ ಇರಲಿಲ್ಲ. ಎಮಿಲಿ ವೈಲ್ಡಿಂಗ್ ಡೇವಿಸನ್ ಪಾರ್ಲಿಮೆಂಟ್ ಕಟ್ಟಡದ ನೆಲಮಾಳಿಗೆಯ ಪ್ರಾರ್ಥನಾ ಮಂದಿರದ ಕಪಾಟಿನಲ್ಲಿ ಅಡಗಿ ಕೂತ್ರು. ಸಿಕ್ಕಿಬಿದ್ರು. ಗಣತಿಯಲ್ಲಿ ಅವರ ವಿಳಾಸ ಅಲ್ಲಿನದ್ದೇ ದಾಖಲಾಯ್ತು. ಓಟಿಲ್ಲದ ಹೆಂಗಸಿನ ವಿಳಾಸ ಪಾರ್ಲಿಮೆಂಟ್!

(7/8)
ಕಾಗದ ತನ್ನಷ್ಟಕ್ಕೆ ಉಳಿಯಲ್ಲ, ಯಾರೋ ಉಳಿಸ್ಬೇಕು. 1931ರ ಗಣತಿಯ ಹಾಳೆಗಳೆಲ್ಲಾ 1942ರ ಡಿಸೆಂಬರ್‌ನಲ್ಲಿ ಬೆಂಕಿಗೆ ಹೋದವು. 1941ರಲ್ಲಿ ಯುದ್ಧ, ಗಣತಿಯೇ ಇಲ್ಲ. 1921ರದ್ದು ನೂರು ವರ್ಷ ಮುಚ್ಚಿದ್ದು 2022ರ ಜನವರಿಯಲ್ಲಿ ತೆರೀತು. ಮುಂದಿನದ್ದು 1951ರದ್ದು, ಅದಕ್ಕೆ 2052ರವರೆಗೆ ಕಾಯ್ಬೇಕು. ನಡುವಿನ ದೊಡ್ಡ ಗುಂಡಿಗೆ ಹಲಗೆ ಹಾಕಿರೋದು 1939ರ ಸೆಪ್ಟೆಂಬರ್ 29ರ ರಿಜಿಸ್ಟರ್. ಯುದ್ಧಕಾಲದಲ್ಲಿ ಗುರುತಿನ ಚೀಟಿ ಕೊಡೋಕೆ ಮಾಡಿದ ಪಟ್ಟಿ, ಈಗ ವಂಶ ಹುಡುಕೋರಿಗೆ ದಾರಿ. ಅದರಲ್ಲೂ ಬದುಕಿರಬಹುದಾದವರ ಸಾಲಿನ ಮೇಲೆ ಕಪ್ಪು ಪಟ್ಟಿ.

ಈ ಹುಡುಕಾಟದ ಒಂದು ಎಳೆ ನಮ್ಮ ಕೋಲಾರಕ್ಕೂ ಬರುತ್ತೆ. ಕೆಜಿಎಫ್ ಗಣಿಗೆ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು ಬಂದಿದ್ರು. 1881ರ ಗಣತಿಯಲ್ಲಿ ಕಾರ್ನ್‌ವಾಲ್‌ನಲ್ಲಿದ್ದು 1891ರಲ್ಲಿ ಕಾಣೆಯಾದ ಗಂಡಸು ಸತ್ತೇ ಹೋಗಿರಬೇಕಿಲ್ಲ, ಕೋಲಾರದಲ್ಲಿ ಇದ್ದಿರಬಹುದು. ಇಲ್ಲಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿಯ ಪ್ರತಿಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗ್ತಿದ್ದವು. ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಂದ್ರೆ ನಮ್ಮ ಮಣ್ಣಿನಲ್ಲಿ ಮಲಗಿರೋ ಇಂಗ್ಲಿಷಿನವನನ್ನ ಅವನ ಮರಿಮಗಳು ಹುಡುಕಬಹುದು. ಅದೇ ಗಣಿಯಲ್ಲಿ ಅವನ ಪಕ್ಕ ಸುತ್ತಿಗೆ ಹಿಡಿದವನನ್ನ ಅವನ ಮರಿಮಗಳು ಜನಗಣತಿಯಲ್ಲಿ ಹುಡುಕೋ ಹಾಗಿಲ್ಲ.

(8/8)
ಈಗ ನನ್ನ ವಾದ. ನಮ್ಮ 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಣತಿಯ ಹಾಳೆ ನೋಡೋ ಹಕ್ಕು ಯಾರಿಗೂ ಇಲ್ಲ. ಇಂದು ಇಲ್ಲ, ನೂರು ವರ್ಷ ಆದ್ಮೇಲೂ ಇಲ್ಲ. ಬದುಕಿರೋರ ಗುಟ್ಟು ಕಾಯೋದು ಸರಿ, ಅದು ಬೇಕೇ ಬೇಕು. ಆದ್ರೆ ಬೀಗ ಹಾಕೋದು ಬೇರೆ, ಬೀಗದ ಕೈಯನ್ನೇ ಬಾವಿಗೆ ಎಸೆಯೋದು ಬೇರೆ. ಇಂಗ್ಲೆಂಡಿನವರು ನೂರು ವರ್ಷ ಬೀಗ ಹಾಕ್ತಾರೆ, ಆಮೇಲೆ ತೆಗೀತಾರೆ. ನಮಗೂ ಅಂಥದ್ದೊಂದು ಅವಧಿ ಬೇಕು.

"ಜಾತಿ ಕಾಲಂ ಇರುತ್ತಲ್ಲ, ನೂರು ವರ್ಷದ ಮೇಲೂ ಅದನ್ನ ಹಿಡಿದು ಯಾರನ್ನಾದ್ರೂ ಅವಮಾನ ಮಾಡಿದ್ರೆ?" ಇದು ಗಟ್ಟಿ ಪ್ರಶ್ನೆ. ಇಂಗ್ಲೆಂಡಿನ ಉದಾಹರಣೆ ಇದಕ್ಕೆ ಉತ್ತರ ಕೊಡಲ್ಲ, ನಾವೇ ಕೊಟ್ಕೋಬೇಕು. ನನ್ನ ಪ್ರಕಾರ ಹೆಸರು, ವಯಸ್ಸು, ಊರು, ಕಸುಬು, ಮನೆಯವರು ಇಷ್ಟನ್ನ ತೆರೀಲಿ. ಜಾತಿ ಕಾಲಂ ಮುಚ್ಚಿಯೇ ಇರಲಿ. 1939ರ ರಿಜಿಸ್ಟರ್‌ನಲ್ಲಿ ಕಪ್ಪು ಪಟ್ಟಿ ಹಾಕೋಕೆ ಆಗುತ್ತೆ ಅಂದ್ರೆ ನಮಗೂ ಆಗುತ್ತೆ. ದೊಡ್ಡ ಮನೆತನದವರಿಗೆ ವಂಶಾವಳಿ ಹೇಳೋಕೆ ಹೆಳವರಿದ್ದಾರೆ, ಶಾಸನ ಇದೆ, ಜಮೀನಿನ ಪತ್ರ ಇದೆ. ಜಮೀನಿಲ್ಲದವರ ಮನೆಯ ಹೆಸರು ಬರೆದಿಡೋ ಸರ್ಕಾರಿ ಪುಸ್ತಕ ಅಂದ್ರೆ ಗಣತಿ. ಅದನ್ನ ಮುಚ್ಚಿದ್ರೆ ನಷ್ಟ ಆಗೋದು ಅವರ ಮೊಮ್ಮಕ್ಕಳಿಗೇ.

ಹದಿನಾರು ವರ್ಷದ ಮೇಲೆ ನಮ್ಮ ಮುಂದಿನ ಗಣತಿ, ಉಲ್ಲೇಖದ ದಿನ 2027ರ ಮಾರ್ಚ್ 1. ಈ ಸಲ ಡಿಜಿಟಲ್. ಬೆಂಕಿಯ ಭಯ ಕಮ್ಮಿ, ಆದ್ರೆ ಇಟ್ಕೋಬೇಕು ಅನ್ನೋ ಮನಸ್ಸು ಇಲ್ಲದಿದ್ರೆ ಡಿಲೀಟ್ ಒತ್ತೋಕೆ ಒಂದು ಬೆರಳು ಸಾಕು. 2127ರಲ್ಲಿ ಯಾರೋ ಒಬ್ಬಳು ನಿಮ್ಮನ್ನ ಹುಡುಕ್ತಾಳೆ. ಸಿಗಬೇಕಾ, ಬೇಡವಾ ಅನ್ನೋ ಮಾತು ಈಗಲೇ ಆಡ್ಬೇಕು.

ಕಾನೂನು ಬದಲಾಗೋವರೆಗೂ ಕಾಯ್ಬೇಡಿ. ಈ ವಾರ ಮನೇಲಿ ಹಿರಿಯರನ್ನ ಕೂರಿಸಿ ಅಜ್ಜಿಯ ಹೆಸರು, ಅಜ್ಜಿಯ ಅಮ್ಮನ ಹೆಸರು, ಅವರ ತವರೂರು ಕೇಳಿ. ತಂದೆಯ ಕಡೆ ಐದು ತಲೆ ಹೇಳೋರು ತಾಯಿಯ ಕಡೆ ಎರಡಕ್ಕೇ ನಿಲ್ತಾರೆ, ನೋಡಿ ಬೇಕಾದ್ರೆ. ಯಾರು ಹೇಳಿದ್ರು, ಯಾವ ತಾರೀಖು ಹೇಳಿದ್ರು ಅಂತ ಪಕ್ಕದಲ್ಲೇ ಬರೆದಿಡಿ, ಅದೇ ವೌಚರ್. ಎಷ್ಟು ತಲೆಮಾರಿಗೆ ನಿಂತ್ರಿ ಅಂತ ಕಾಮೆಂಟಿನಲ್ಲಿ ಹಾಕಿ. ಹೆಸರು ಬೇಡ, ಸಂಖ್ಯೆ ಸಾಕು.

#ಕಾಗದದಕಥೆ #ಜನಗಣತಿ #ಅಜ್ಜಿಯಹೆಸರು